ಅಕ್ಕ, ಭಾವ ಮತ್ತು ಒಂದು ಜೋಡಿ ತಂತಿ

ತನ್ನ ಕಸುಬು ಏನೆಂದು ಹೊಸಬರಿಗೆ ಹೇಳುವುದೇ ಚಿಕ್ಕಮ್ಮನಿಗೆ ದೊಡ್ಡ ಫಜೀತಿ. "ಸೀರಿಯಲ್ ಕೆಲಸ ಮಾಡ್ತೀನಿ" ಎಂದರೆ ಸಾಕು, ಎದುರಿಗಿದ್ದವರ ಮುಖ ಅರಳುತ್ತದೆ. "ಹೌದಾ! ಯಾವ ಚಾನೆಲ್ಲಲ್ಲಿ ಬರುತ್ತೆ? ಅತ್ತೆ ಪಾರ್ಟಾ?" ಎಂದು ಕುರ್ಚಿ ಎಳೆದುಕೊಂಡು ಹತ್ತಿರ ಕೂರುತ್ತಾರೆ. ಅದಲ್ಲ ಕಣಮ್ಮ, ತಂತಿ ಎಳೆಯುವ ಕೆಲಸ ಎಂದರೆ, "ಓ, ಮಿಣಮಿಣ ದೀಪದ ಸೀರಿಯಲ್ ಸೆಟ್ಟಾ" ಎಂದು ಕುರ್ಚಿಯನ್ನು ಮತ್ತೆ ಹಿಂದಕ್ಕೆ ಸರಿಸುತ್ತಾರೆ.

"ಎರಡೂ ಅಲ್ಲ. ಒಂದು ಯಂತ್ರ ಇನ್ನೊಂದರ ಹತ್ರ ಮಾತಾಡೋಕೆ ದಾರಿ ಮಾಡ್ಕೊಡ್ತೀನಿ. ಎಲ್ಲಾ ಒಂದೇ ಸಲ ಬಾಯಿ ಹಾಕೋ ಹಾಗಿಲ್ಲ. ಒಬ್ಬರಾದ ಮೇಲೆ ಒಬ್ಬರು, ಸಾಲಾಗಿ. ಅದಕ್ಕೇ ಸೀರಿಯಲ್ ಅನ್ನೋದು."

"ಅಂಥಾದ್ದೊಂದು ತಂತಿ ನಮ್ಮನೇಲೂ ಎಳೆದುಬಿಡಿ, ಪುಣ್ಯ ಬರುತ್ತೆ" ಎಂದು ಒಬ್ಬ ಗಿರಾಕಿಯ ಹೆಂಡತಿ ಕೈಮುಗಿದದ್ದೂ ಉಂಟು.

ಚಿಕ್ಕಮ್ಮ ಎನ್ನುವುದು ಅವಳಿಗೆ ಅಕ್ಕನ ಮಕ್ಕಳಿಟ್ಟ ಹೆಸರು. ಆ ಮಕ್ಕಳು ಬೆಳೆದು, ಮದುವೆಯಾಗಿ, ತಂತಮ್ಮ ಮನೆ ಹಿಡಿದರು. ಹೆಸರು ಮಾತ್ರ ಅಂಟಿಕೊಂಡಿತು. ಈಗ ಅವಳಿಗಿಂತ ಹತ್ತು ವರ್ಷ ಹಿರಿಯರಾದ ಗಿರಣಿ ಮಾಲೀಕರೂ "ಏನ್ ಚಿಕ್ಕಮ್ಮ, ನಮ್ಮ ತೂಕದ ಮೆಷಿನ್ನು ಮುನಿಸ್ಕೊಂಡಿದೆ" ಎಂದೇ ಫೋನ್ ಮಾಡುತ್ತಾರೆ.

ಅವಳು ಓದಿ ಕಲಿತವಳಲ್ಲ, ಕೇಳಿ ಕಲಿತವಳು. ನಾಲ್ಕನೇ ಕ್ಲಾಸಿಗೆ ಶಾಲೆಗೆ ಶರಣು ಹೊಡೆದು ತಕ್ಕಡಿ ರಿಪೇರಿ ಅಂಗಡಿಯಲ್ಲಿ ಕಸ ಗುಡಿಸಲು ಸೇರಿದಳು. ಗುಡಿಸುತ್ತಾ ಗುಡಿಸುತ್ತಾ ಮೇಜಿನ ಮೇಲಿನ ಮಾತೆಲ್ಲ ಕಿವಿಗೆ ಹಾಕಿಕೊಂಡಳು. ಕಬ್ಬಿಣದ ತಕ್ಕಡಿ ಹೋಗಿ ಅಂಕಿ ತೋರಿಸುವ ತಕ್ಕಡಿ ಬಂದಾಗ ಅಂಗಡಿಯ ಯಜಮಾನ, "ಇದು ನನ್ನ ಕೈಗೆ ದಕ್ಕೋ ದೇವರಲ್ಲ" ಎಂದು ಕೈಚೆಲ್ಲಿದ. ಚಿಕ್ಕಮ್ಮ ಮಾತ್ರ ಅದರ ಬೆನ್ನು ಬಿಚ್ಚಿ, ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ಬೆರಳಲ್ಲಿ ಹಿಂಬಾಲಿಸಿದಳು. ಹಿಂಬಾಲಿಸುತ್ತಲೇ ಹೋದವಳು ಕೊನೆಗೆ ಇಡೀ ಊರಿನ ತಕ್ಕಡಿ, ಒಲೆ, ಪಂಪುಗಳನ್ನು ಕಂಪ್ಯೂಟರಿಗೆ ಜೋಡಿಸುವವಳಾದಳು.

ಅವಳ ಕೆಲಸಕ್ಕೊಂದು ಪದ್ಧತಿ ಇತ್ತು. ಹೊಸ ಜಾಗಕ್ಕೆ ಹೋದರೆ ಮೊದಲು ಚೀಲ ಬಿಚ್ಚುವುದಿಲ್ಲ. ಚಪ್ಪಲಿ ಬಿಟ್ಟು ಒಂದು ಸುತ್ತು ನಡೆಯುತ್ತಾಳೆ. ಯಾವ ಮೋಟಾರು ಗುರ್ ಅನ್ನುತ್ತದೆ, ಎಲ್ಲಿ ನೆಲ ನಡುಗುತ್ತದೆ ಎಂದು ಕಿವಿಯಲ್ಲೂ ಪಾದದಲ್ಲೂ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಯಜಮಾನರನ್ನು ಕೂರಿಸಿಕೊಂಡು, "ಯಾರು ಯಾರ ಹತ್ರ ಮಾತಾಡಬೇಕು? ಎಷ್ಟು ದೂರದಿಂದ? ಎಷ್ಟು ಅವಸರ?" ಎಂದು ಕೇಳುತ್ತಾಳೆ. ಬೆಲೆಯ ಮಾತು ಅದಾದ ಮೇಲೆ. ಎಷ್ಟೋ ಜನ ಮೊದಲು ಬೆಲೆ ಕೇಳಿ ಆಮೇಲೆ ಕೆಲಸ ಯೋಚಿಸುತ್ತಾರಲ್ಲ, ಅದು ಕಾಲಿನ ಅಳತೆ ಕೊಡದೆ ಚಪ್ಪಲಿ ತಂದ ಹಾಗೆ ಎಂಬುದು ಅವಳ ಅಂಬೋಣ.

ಇಷ್ಟೆಲ್ಲ ಇದ್ದೂ ಅವಳಿಗೊಂದು ಚಾಳಿ. ಕೈ ಬಲು ಬಿಗಿ. ಅಗ್ಗದ ಸಾಮಾನಿನಲ್ಲಿ ಕೆಲಸ ಸಾಧಿಸಿದರೆ ಅವಳಿಗೆ ಹಬ್ಬದೂಟ ಉಂಡಷ್ಟು ಖುಷಿ. ಮನೆಯಲ್ಲಿ ಹಳೇ ತಂತಿ, ಒಡೆದ ಪ್ಲಗ್ಗು, ಕಾಲು ಮುರಿದ ಸ್ವಿಚ್ಚು ಎಲ್ಲ ಡಬ್ಬಿ ಡಬ್ಬಿಯಾಗಿ ಮಂಚದ ಕೆಳಗೆ. ಅವಳ ಗಂಡ ದರ್ಜಿ. ಒಮ್ಮೆ ಸೂಜಿ ಬಿತ್ತೆಂದು ಮಂಚದ ಕೆಳಗೆ ಕೈ ಹಾಕಿದವನು ಸ್ಪ್ರಿಂಗು ಚುಚ್ಚಿಸಿಕೊಂಡು, "ನಿನ್ನನ್ನ ಕಟ್ಕೊಂಡ ಮೇಲೆ ಗುಜರಿ ಅಂಗಡೀಲಿ ಮಲಗ್ತಿದೀನಿ ಅಂತ ಈಗ ಗೊತ್ತಾಯ್ತು" ಎಂದು ಗೊಣಗಿದ್ದ.

ಇನ್ನು ಅಕ್ಕ. ಅಕ್ಕನದು ಕೋಳಿಮರಿ ಮಾಡುವ ಹ್ಯಾಚರಿ. ರೈಲು ಡಬ್ಬಿಯಂಥ ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಆಫೀಸು ಎಂದು ಕರೆಸಿಕೊಳ್ಳುವ ಸಣ್ಣ ಕೋಣೆ. ಅಲ್ಲಿಂದಾಚೆ ಸಾಲಾಗಿ ಆರು ಕಾವುಪೆಟ್ಟಿಗೆ, ಒಂದೊಂದೂ ಬೀರುವಿಗಿಂತ ಎತ್ತರ. ಒಳಗೆ ತಟ್ಟೆ ತಟ್ಟೆ ಮೊಟ್ಟೆ. ಮೂರು ವಾರ ಬೆಚ್ಚಗಿಟ್ಟರೆ ಹತ್ತಿಯುಂಡೆಯ ಹಾಗೆ ಮರಿಗಳು. ಕಾವು ಒಂದು ಚೂರು ಏರಿದರೂ ಕಷ್ಟ, ಇಳಿದರೂ ಕಷ್ಟ. ಪೆಟ್ಟಿಗೆ ತನ್ನ ಪಾಡಿಗೆ ತಾನು ಕಾವು ಕಾಯ್ದುಕೊಳ್ಳುತ್ತದೆ ನಿಜ. ಆದರೆ ಬಾಗಿಲು ಸಡಿಲವಾದರೆ, ತಟ್ಟೆ ಓರೆಯಾದರೆ ಅದಕ್ಕೆ ಗೊತ್ತಾಗದು. ಅದಕ್ಕೇ ಅಕ್ಕ ದಿನವಿಡೀ ಒಂದನೆಯದರಿಂದ ಆರನೆಯದಕ್ಕೆ, ಆರನೆಯದರಿಂದ ಒಂದನೆಯದಕ್ಕೆ ಅಂಕಿ ನೋಡುತ್ತಾ ನಡೆಯುತ್ತಿದ್ದಳು. ಮೊಟ್ಟೆ ಒಡೆದು ಮರಿ ಬರುವ ದಿನ ಪೆಟ್ಟಿಗೆಗೆ ಕಿವಿಗೊಟ್ಟು ನಿಂತು, "ಬಂದ್ರು ನಮ್ಮ ಯಜಮಾನ್ರು" ಎಂದು ನಗುವುದೇ ಅವಳ ಜೀವನದ ಸೊಗಸು.

ಭಾವನವರದು ಬೇರೆಯೇ ದಾರಿ. ಆ ಮನೆಯಲ್ಲಿ ಟೆಂಪೋ ಓಡಿಸುವವಳು ಅಕ್ಕ, ಅಡುಗೆ ಮಾಡುವವರು ಭಾವ. ಮೊಟ್ಟೆಯವರ ಹತ್ತಿರ ಜಗಳಕ್ಕೆ ನಿಲ್ಲುವವಳು ಅಕ್ಕ, ಧಾರಾವಾಹಿ ನೋಡಿ ಕಣ್ಣೊರೆಸಿಕೊಳ್ಳುವವರು ಭಾವ. ದುಬಾರಿಯಾದದ್ದೆಲ್ಲ ಒಳ್ಳೆಯದು ಎಂಬುದು ಅವರ ಗಟ್ಟಿ ನಂಬಿಕೆ. ಎರಡು ಕೊಡೆ ಎದುರಿಗಿಟ್ಟರೆ ಬಿಚ್ಚಿ ನೋಡುವವರಲ್ಲ, ಬೆಲೆಯ ಚೀಟಿ ನೋಡಿ ಆರಿಸುವವರು.

ಆ ವರ್ಷ ಅಕ್ಕನ ಮಂಡಿ ಕೈಕೊಟ್ಟಿತು. ಡಾಕ್ಟರು ಕೂತು ಮಾಡುವ ಕೆಲಸ ನೋಡಿಕೋ ಎಂದುಬಿಟ್ಟರು. ಅದೇ ಹೊತ್ತಿಗೆ ಪಕ್ಕದ ಟೈರು ವ್ಯಾಪಾರಿ ಶೆಡ್ಡು ಬಾಡಿಗೆಗೆ ಕೇಳಿದ. ಟೈರು ಜೋಡಿಸಿಡಲು ಅವನಿಗೆ ಉದ್ದನೆಯ ಜಾಗ ಬೇಕಿತ್ತು. ಭಾವ ಅರ್ಧ ಒಪ್ಪಿಯೇಬಿಟ್ಟರು. ಅಕ್ಕ ಸುಮ್ಮನೆ ಎದ್ದು ಹೋಗಿ ಮೂರನೇ ಪೆಟ್ಟಿಗೆಗೆ ಕಿವಿಯಿಟ್ಟು ನಿಂತಳು. ಅಕ್ಕ ಸುಮ್ಮನಾದದ್ದನ್ನು ಚಿಕ್ಕಮ್ಮ ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು.

"ಅಕ್ಕ, ನೀನು ಕೂತ ಕಡೆ ಆರೂ ಪೆಟ್ಟಿಗೆ ಅಂಕಿ ಬರೋ ಹಾಗೆ ಮಾಡ್ಕೊಟ್ರೆ ಹ್ಯಾಚರಿ ಇಟ್ಕೋತೀಯಾ?" ಎಂದು ಕೇಳಿದಳು.

"ಆಗುತ್ತಾ?"

"ಆಗುತ್ತೆ. ಪ್ರತಿ ಪೆಟ್ಟಿಗೆ ಬೆನ್ನಲ್ಲೂ ತಂತಿ ಸಿಕ್ಕಿಸೋ ಜಾಗ ಇದೆ. ಇಷ್ಟು ವರ್ಷ ಅದು ಮಾತಾಡೋಕೆ ಕಾದು ಕೂತಿದೆ, ನಾವೇ ಕೇಳಿಲ್ಲ."

ಭಾವ ಅಡುಗೆಮನೆಯಿಂದಲೇ ಕೂಗಿದರು: "ಟೈರಿನೋರಿಗೆ ಮುಂದಿನ ಸಲ ಪೆಟ್ಟಿಗೇಲಿ ಮೊಟ್ಟೆ ಇಡೋ ಹೊತ್ತಿಗೆ ಮಾತು ಹೇಳ್ತೀನಿ ಅಂದಿದೀನಿ. ಅಷ್ಟರೊಳಗೆ ಮಾಡಿ ತೋರ್ಸು. ಮಾಡೋದಾದ್ರೆ ಒಳ್ಳೇದೇ ಮಾಡು, ಕಂಜೂಸಿ ಮಾಡಬೇಡ."

ಮಾರನೆಯ ದಿನ ಭಾವ ತಾವೇ ಪೇಟೆಗೆ ಹೋಗಿ ಬಣ್ಣದ ಪುಸ್ತಕವೊಂದನ್ನು ತಂದರು. ಅದರಲ್ಲಿ ಹಸಿರು ದೀಪಗಳು ಸಾಲಾಗಿ ಮಿನುಗುವ ಭಾರೀ ಯಂತ್ರದ ಚಿತ್ರ. ಒಂದೊಂದು ಕಾವುಪೆಟ್ಟಿಗೆಗೂ ಒಂದೊಂದು ಇಂಥದ್ದು. ಕಣ್ಣು ಮಿಟುಕಿಸುವುದರೊಳಗೆ ಸಾವಿರ ಸಲ ಅಂಕಿ ತರುವಂಥದ್ದು.

ಚಿಕ್ಕಮ್ಮ ಬೆಲೆ ನೋಡಿ ನೀರು ಕುಡಿದಳು. "ಭಾವ, ಈ ದುಡ್ಡಿಗೆ ಏಳನೇ ಕಾವುಪೆಟ್ಟಿಗೆ ಬರುತ್ತೆ. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ!"

"ವೇಗ ನೋಡೇ, ವೇಗ!"

"ಯಾರಿಗೆ ಬೇಕು ವೇಗ? ಮೊಟ್ಟೆ ಮೂರು ವಾರ ತಗೊಳ್ಳುತ್ತೆ. ಕ್ಷಣಕ್ಕೆ ಸಾವಿರ ಸಲ 'ಹೇಗಿದೀಯ, ಹೇಗಿದೀಯ' ಅಂತ ಕೇಳಿದ್ರೆ ಮರಿ ಒಳಗಿಂದಲೇ ಬೈಯುತ್ತೆ."

ಅಕ್ಕ ಪಕ್ಕನೆ ನಕ್ಕಳು. ಎಷ್ಟೋ ದಿನದ ಮೇಲೆ ಬಂದ ನಗು ಅದು. ಆ ನಗುವಿಗೇ ಭಾವ ಸೋತು ಪುಸ್ತಕ ಮಡಚಿಟ್ಟರು.

ಚಿಕ್ಕಮ್ಮನ ಲೆಕ್ಕ ಇಷ್ಟೇ. ಆರು ಪೆಟ್ಟಿಗೆಗೆ ಆರು ದಾರಿ ಬೇಡ. ಎರಡು ಎಳೆಯ ಒಂದೇ ತಂತಿ ಒಂದನೆಯದಕ್ಕೆ ಹೋಗಿ, ಅಲ್ಲಿಂದ ಎರಡನೆಯದಕ್ಕೆ, ಹೀಗೇ ಆರನೆಯದರವರೆಗೆ. ಆಫೀಸಿನ ಕಂಪ್ಯೂಟರು ಒಬ್ಬೊಬ್ಬರನ್ನೇ ಕರೆದು ಕೇಳುತ್ತದೆ. ಕರೆದವರು ಮಾತ್ರ ಉತ್ತರ ಕೊಡುತ್ತಾರೆ, ಉಳಿದವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಒಂದು ಸುತ್ತು ಮುಗಿಯುವುದಕ್ಕೆ ಒಂದು ಆಕಳಿಕೆಯಷ್ಟು ಹೊತ್ತು. ಮೊಟ್ಟೆಗೆ ಅಷ್ಟು ಧಾರಾಳ ಸಾಕು. ಇನ್ನು ತಂತಿ ಬಂದು ಕಂಪ್ಯೂಟರಿಗೆ ಸೇರುವ ಕಡೆ ಒಂದು ಕನ್ವರ್ಟರ್ ಡಬ್ಬಿ. ಪೆಟ್ಟಿಗೆಗಳ ಮಾತನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಹೇಳುವ ದುಭಾಷಿ ಅದು.

ಆ ಎರಡು ಎಳೆಗಳಿಗೆ ಕಸುಬಿನಲ್ಲಿ ಎ ಮತ್ತು ಬಿ ಎಂದು ಹೆಸರು. ಇಂಗ್ಲಿಷಿನಲ್ಲಿ ಬಿಡಿ ಅಕ್ಷರಗಳಷ್ಟೇ ಗುರುತಿದ್ದ ಚಿಕ್ಕಮ್ಮ ಎ ಎಂದರೆ ಅಕ್ಕ, ಬಿ ಎಂದರೆ ಭಾವ ಎಂದು ಮೊದಲಿನಿಂದಲೂ ಇಟ್ಟುಕೊಂಡಿದ್ದಳು. ಎರಡೂ ಎಳೆ ಹೆಣೆದುಕೊಂಡೇ ಸಾಗಬೇಕು, ಬಿಡಿ ಬಿಡಿಯಾಗಿ ನಡೆದರೆ ದಾರಿಯಲ್ಲಿ ಮಾತು ಕೆಡುತ್ತದೆ. ಹೀಗಾಗಿ ಹೆಸರು ಒಪ್ಪಿತ್ತು. ಅಂದು ಶೆಡ್ಡಿನಲ್ಲಿ ಏಣಿಯ ಮೇಲೆ ನಿಂತು, "ಅಕ್ಕನ್ನ ಹಿಡ್ಕೊಳ್ಳಿ, ಭಾವನ್ನ ಸ್ವಲ್ಪ ಸುಲೀಬೇಕು" ಎಂದು ಕೆಳಗೆ ತಂತಿ ಹಿಡಿದಿದ್ದ ಭಾವನಿಗೇ ಹೇಳಿದಳು.

"ಇನ್ನೂ ಸುಲಿಯೋದು ಏನ್ ಉಳಿದಿದೆ?" ಎಂದರು ಭಾವ. ಅಕ್ಕ ಆಫೀಸಿನೊಳಗಿಂದ, "ಚರ್ಮ ಇದೆಯಲ್ಲ!" ಎಂದಳು.

ಇಲ್ಲೇ ಚಿಕ್ಕಮ್ಮ ಎಡವಿದ್ದು. ಎಲ್ಲ ಕಡೆ ಬರಿಗಾಲಲ್ಲಿ ನಡೆದು ಕಿವಿಗೊಟ್ಟು ಕೇಳುವವಳು ಇಲ್ಲಿ ಕೇಳಲೇ ಇಲ್ಲ. ಅಕ್ಕನ ಶೆಡ್ಡು, ಕಣ್ಣು ಕಟ್ಟಿದರೂ ಓಡಾಡಬಲ್ಲೆ ಎಂಬ ಸಲಿಗೆ. ಅದು ಚಳಿಗಾಲದ ಕೊನೆ. ಶೆಡ್ಡಿನ ಕೊನೆಯಲ್ಲಿದ್ದ ದೊಡ್ಡ ಫ್ಯಾನು ತಿಂಗಳುಗಟ್ಟಲೆಯಿಂದ ನಿದ್ದೆಯಲ್ಲಿತ್ತು. ಅದಕ್ಕೆ ಕರೆಂಟು ಒಯ್ಯುವ ದಪ್ಪ ಪೈಪು ಗೋಡೆಯುದ್ದಕ್ಕೂ ಸಿದ್ಧವಾಗಿಯೇ ಇತ್ತು. ಹೊಸ ಪೈಪು ಯಾಕೆ ದಂಡ ಎಂದು ಚಿಕ್ಕಮ್ಮ ತನ್ನ ಜೋಡಿ ತಂತಿಯನ್ನೂ ಅದರೊಳಗೇ ತೂರಿಸಿದಳು. ಡಬ್ಬಿಯೂ ಅಷ್ಟೇ. ಹೆಬ್ಬೆರಳು ಗಾತ್ರದ, ಪೇಟೆಯ ಎಲೆಕ್ಟ್ರಿಕ್ ಅಂಗಡಿಯಲ್ಲೇ ಎಲ್ಲಕ್ಕಿಂತ ಅಗ್ಗವಾದದ್ದು. ಅಂಗಡಿಯವರು, "ಮೋಟಾರು ಗೀಟಾರು ಇದ್ರೆ ಇದು ಬೇಡಮ್ಮ, ಒಳಗೆ ಗೋಡೆ ಇರೋದು ತಗೊಳ್ಳಿ" ಎಂದಿದ್ದರು. "ಮೊಟ್ಟೆಗೆ ಯಾವ ಮೋಟಾರು ಅಣ್ಣಾ" ಎಂದು ನಗಾಡಿ ಬಂದಿದ್ದಳು.

ಜೋಡಿಸಿದ ಕೂಡಲೇ ಪರದೆಯ ಮೇಲೆ ಆರೂ ಅಂಕಿ ಮೂಡಿದವು. ಅಕ್ಕ ಕುರ್ಚಿಯಲ್ಲಿ ಕೂತು ಕಾಲು ಚಾಚಿ, ಅರಮನೆಯಲ್ಲಿ ಕೂತವಳ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ಭಾವ ಹೆಬ್ಬೆರಳಿನಷ್ಟರ ಡಬ್ಬಿಯನ್ನು ಬಗ್ಗಿ ನೋಡಿ, "ಇಷ್ಟೇನಾ? ದೀಪಾನೂ ಒಂದೇ?" ಎಂದು ಬೇಜಾರು ಮಾಡಿಕೊಂಡರು.

ಬಿಸಿಲು ಏರುವವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಒಂದು ಮಧ್ಯಾಹ್ನ ಸೆಕೆ ಹೆಚ್ಚಾಯಿತೆಂದು ಭಾವ ದೊಡ್ಡ ಫ್ಯಾನಿನ ಸ್ವಿಚ್ಚು ಒತ್ತಿದರು. ಪರದೆಯ ಮೇಲೆ ಆರೂ ಅಂಕಿ ಸೊನ್ನೆಯಾದವು. ಆರೂ ಪೆಟ್ಟಿಗೆ ತಣ್ಣಗಾದವೆಂದೇ ತಿಳಿದ ಅಕ್ಕ, ಡಾಕ್ಟರು ಹೇಳಿದ್ದನ್ನೂ ಮಂಡಿಯನ್ನೂ ಮರೆತು ಓಡಿದಳು. ಎರಡನೇ ಪೆಟ್ಟಿಗೆಯ ಮುಂದೆ ಕಾಲು ಮಡಚಿ ಕುಸಿದಳು. ನೋಡಿದರೆ ಪೆಟ್ಟಿಗೆ ಬೆಚ್ಚಗೇ ಇತ್ತು. ಮೊಟ್ಟೆಗಳಿಗೆ ಏನೂ ಆಗಿರಲಿಲ್ಲ. ಸತ್ತದ್ದು ಡಬ್ಬಿ. ಫ್ಯಾನು ಎದ್ದ ರಭಸ ಪಕ್ಕದಲ್ಲೇ ಮಲಗಿದ್ದ ಜೋಡಿ ತಂತಿಗೆ ತಾಗಿ, ಅಲ್ಲಿಂದ ನೇರ ಡಬ್ಬಿಗೆ ಹೊಡೆದಿತ್ತು. ಮೂಸಿದರೆ ಸುಟ್ಟ ವಾಸನೆ.

ಅಕ್ಕನ ಮಂಡಿ ಕುಂಬಳಕಾಯಿಯ ಹಾಗೆ ಊದಿತು. ಭಾವ ಬಿಸಿನೀರಿನ ಬಟ್ಟೆ ಒತ್ತುತ್ತಾ, ಯಾವತ್ತೂ ಗದರದವರು ಅಂದು ಗದರಿದರು: "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಾಲ್ಕು ಕಾಸು ಉಳಿಸೋಕೆ ಹೋಗಿ ಇವಳ ಕಾಲು ತೆಗೆದೆಯಲ್ಲೇ! ಸಾಕು ಈ ಆಟ. ಮೊಟ್ಟೆ ಇಡೋ ದಿನ ಟೈರಿನೋರು ಬರ್ತಾರೆ. ಮಾತು ಕೊಟ್ಟು ಕೈ ತೊಳ್ಕೋತೀನಿ."

ಚಿಕ್ಕಮ್ಮ ಸುಟ್ಟ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಳು.

ಗಂಡ ಹೊಲಿಯುತ್ತಿದ್ದವನು ಪೆಡಲು ನಿಲ್ಲಿಸಿ ಅವಳ ಮುಖ ನೋಡಿದ. "ಏನೇ, ಮಂಚದ ಕೆಳಗಿಂದು ಯಾರಾದ್ರೂ ಕದ್ರಾ?"

ಚಿಕ್ಕಮ್ಮ ನಡೆದದ್ದೆಲ್ಲ ಹೇಳಿದಳು. "ರೀ, ಭಾವ ಹೇಳಿದ್ದ ದೊಡ್ಡದನ್ನೇ ತಂದುಬಿಡಬೇಕಿತ್ತೇನೋ."

"ಅದನ್ನ ಆ ಪೈಪಲ್ಲೇ ತೂರಿಸಿದ್ರೆ ಅದೂ ಕುಣೀತಿತ್ತು. ನೋಡು, ನನ್ನ ಹತ್ರ ಬರೋರು ದುಬಾರಿ ಬಟ್ಟೆ ತರ್ತಾರೆ, ಅಗ್ಗದ್ದೂ ತರ್ತಾರೆ. ಹೊಲಿದುಕೊಡ್ತೀನಿ. ಒಳಪದರಕ್ಕೆ ಹಳೇ ಬಟ್ಟೆ ಹಾಕಿದ್ರೂ ಯಾರಿಗೂ ಗೊತ್ತಾಗಲ್ಲ. ಆದ್ರೆ ದಾರ ಮಾತ್ರ ನಾನು ಅಗ್ಗದ್ದು ಹಾಕಲ್ಲ. ಯಾಕೆ ಹೇಳು? ಬಟ್ಟೆ ಹರಿದ್ರೆ ತೇಪೆ ಹಾಕಬಹುದು. ದಾರ ಬಿಟ್ರೆ ನಡುಬೀದೀಲಿ ಮಾನ ಹೋಗುತ್ತೆ."

"ಇಷ್ಟು ಬುದ್ಧಿ ಇಟ್ಕೊಂಡು ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ನೀನು ಕೇಳಿದ್ದು ಇವತ್ತೇ ಮೊದಲು."

ಮರುದಿನ ಅವಳು ಅಂಗಡಿಗೆ ಹೋದಳು. ಅಂಗಡಿಯವರು ಸುಟ್ಟದ್ದನ್ನು ನೋಡಿ ನಗಲಿಲ್ಲ. ಸ್ಟೂಲು ಕೊಟ್ಟು ಕೂರಿಸಿದರು.

"ತಪ್ಪು ನಂದೇ ಅಣ್ಣಾ" ಎಂದಳು ಚಿಕ್ಕಮ್ಮ. "ಒಳಗೆ ಗೋಡೆ ಅಂದಿರಲ್ಲ, ಅದೇನು ಅಂತ ಸರಿಯಾಗಿ ಹೇಳಿ. ಈ ಸಲ ಕೇಳಿಸ್ಕೋತೀನಿ."

"ಏನಿಲ್ಲಮ್ಮ, ಈ ಡಬ್ಬಿ ಒಳಗೆ ಎರಡು ಕೋಣೆ. ನಡುವೆ ಗೋಡೆ. ಆ ಕೋಣೆ ಮಾತು ಈ ಕೋಣೆಗೆ ಕೇಳಿಸುತ್ತೆ, ಆ ಕೋಣೆ ಬೆಂಕಿ ಈ ಕೋಣೆಗೆ ದಾಟಲ್ಲ. ವೇಗ ನಿಮ್ಮ ಹಳೇದರಷ್ಟೇ. ದುಡ್ಡು ಹೆಚ್ಚಾಗಿರೋದು ಗೋಡೆಗೆ."

"ದೀಪ ಎಷ್ಟಿದೆ?"

"ಮೂರು. ಯಾಕಮ್ಮ?"

"ನಮ್ಮ ಭಾವನಿಗೆ."

ಡಬ್ಬಿ ಬೇರೆ ಯಾವುದೋ ಕಂಪನಿಯದು, ಬೆಲೆ ನಡುಮಧ್ಯದ್ದು. ಅದರ ಜೊತೆ ಹೊಸ ಪೈಪನ್ನೂ ಕೊಂಡಳು. ತಾನಾಗಿಯೇ ಹೊಸ ಪೈಪು ಕೊಂಡದ್ದು ಕಂಡು ಗಂಡ ಅವಳ ಹಣೆ ಮುಟ್ಟಿ ನೋಡಿದ, ಜ್ವರವೇನಾದರೂ ಇದೆಯೇ ಎಂದು. ಈ ಸಲ ಫ್ಯಾನಿನ ಗೋಡೆ ಬಿಟ್ಟು ಎದುರು ಗೋಡೆಯ ಮೇಲೆ ತಂತಿ ಎಳೆದಳು. ಎಳೆಯುವ ಮೊದಲು ಚಪ್ಪಲಿ ಬಿಟ್ಟು ಶೆಡ್ಡಿನುದ್ದಕ್ಕೂ ನಡೆದಳು. ಫ್ಯಾನು, ನೀರಿನ ಮೋಟಾರು, ಎಲ್ಲವನ್ನೂ ಹಾಕಿಸಿ ನಿಂತು ಕೇಳಿದಳು. ಭಾವ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದರು. ಏಣಿ ಹಿಡಿಯಲೂ ಬರಲಿಲ್ಲ.

ಮೊಟ್ಟೆ ಇಡುವ ದಿನ ಬಂತು. ಲಾರಿಯಿಂದ ತಟ್ಟೆಗಳು ಇಳಿದಿದ್ದವು. ಅಕ್ಕ ಮಂಡಿಗೆ ಬಟ್ಟೆ ಸುತ್ತಿಕೊಂಡು ಕುರ್ಚಿಯಲ್ಲಿ. ಟೈರು ವ್ಯಾಪಾರಿ ಹೊರಟಿದ್ದೇನೆಂದು ಫೋನು ಮಾಡಿದ್ದ. ಚಿಕ್ಕಮ್ಮ ಹೊಸ ಡಬ್ಬಿಗೆ ಕೊನೆಯ ಸ್ಕ್ರೂ ಬಿಗಿದಳು. ಡಬ್ಬಿಯ ಮೇಲೆ ಬರೆದ ಎ, ಬಿ ಅಕ್ಷರದಂತೆ ಅಕ್ಕ ಅಕ್ಕನ ಕಡೆ, ಭಾವ ಭಾವನ ಕಡೆ ಇದೆಯೇ ಎಂದು ಎರಡು ಸಲ ನೋಡಿಕೊಂಡಳು. ಕಂಪ್ಯೂಟರು ಹಾಕಿದಳು.

ಆರು ಸೊನ್ನೆ.

ಎಲ್ಲ ಬಿಚ್ಚಿ ಮತ್ತೆ ಕಟ್ಟಿದಳು. ಆರು ಸೊನ್ನೆ. ತಂತಿ ತುಂಡಾಗಿದೆಯೇ ಎಂದು ಉದ್ದಕ್ಕೂ ಪರೀಕ್ಷಿಸಿದಳು. ತುಂಡಾಗಿರಲಿಲ್ಲ. ಡಬ್ಬಿಯ ದೀಪ ಮಿನುಗುತ್ತಿತ್ತು, ಅಂದರೆ ಕಂಪ್ಯೂಟರು ಕರೆಯುತ್ತಲೇ ಇತ್ತು. ಯಾವ ಪೆಟ್ಟಿಗೆಯೂ ಓಗೊಡುತ್ತಿರಲಿಲ್ಲ.

"ಅಗ್ಗದ್ದೂ ಮಾತಾಡಲ್ಲ, ದುಬಾರೀನೂ ಮಾತಾಡಲ್ಲ" ಎಂದರು ಭಾವ. ಈ ಸಲ ಗದರಿಕೆ ಇರಲಿಲ್ಲ, ಪಾಪ, ಅವರ ದನಿಯೂ ಇಳಿದಿತ್ತು. "ಬಿಡಮ್ಮ, ನೀನೂ ಎಷ್ಟು ಅಂತ ಒದ್ದಾಡ್ತೀಯ. ಟೀ ಮಾಡ್ತೀನಿ, ಕುಡಿ."

"ಹೆಸರು ನೋಡಿ ನೋಡಿ ಕಟ್ಟಿದೀನಿ ಅಕ್ಕ" ಎಂದು ಚಿಕ್ಕಮ್ಮ ಅಳುವ ಹಾಗಾದಳು. "ಅಕ್ಕ ಇರೋ ಕಡೆ ಅಕ್ಕ, ಭಾವ ಇರೋ ಕಡೆ ಭಾವ. ಇನ್ನೇನ್ ಮಾಡ್ಲಿ?"

ಅಕ್ಕ ತಂಗಿಯ ತಲೆ ಸವರಿದಳು. ಅತ್ತರೆ ನಗಿಸುವುದು ಅವಳ ಹಳೇ ಅಭ್ಯಾಸ. "ಅಯ್ಯೋ ಪೆದ್ದಿ, ಹೆಸರು ನೋಡ್ಕೊಂಡು ನಮ್ಮನೇಗೆ ಬಂದ್ರೆ ಕೆಲಸ ಆಗುತ್ತೇನೇ? ಆವತ್ತು ಟೆಂಪೋ ಡ್ರೈವರ್ ಎಲ್ಲಿ ಅಂತ ಬಂದೋನು ನಿಮ್ಮ ಭಾವನ್ನ ಹುಡುಕಿ ಅಡುಗೆಮನೇಲಿ ಪಾತ್ರೆ ತೊಳೀತಿರೋದು ನೋಡಿ ಹೆದರಿ ಓಡಿಹೋದ. ಈ ಮನೇಲಿ ಅಕ್ಕನೇ ಭಾವ, ಭಾವನೇ ಅಕ್ಕ."

ಭಾವ ಟೀ ಪಾತ್ರೆ ಹಿಡಿದುಕೊಂಡೇ, "ಅದನ್ನ ಎಲ್ಲರೆದುರು ಹೇಳಬೇಕಾ?" ಎಂದರು.

ಚಿಕ್ಕಮ್ಮ ಮೂಗು ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಸುಟ್ಟ ಡಬ್ಬಿ ಒಂದು ಕಂಪನಿಯದು, ಇದು ಇನ್ನೊಂದರದು. ಅವರ ಮನೆಯಲ್ಲಿ ಅಕ್ಕ ಎನ್ನುವವರನ್ನು ಇವರ ಮನೆಯಲ್ಲಿ ಭಾವ ಎಂದು ಕರೆಯುತ್ತಿದ್ದರೆ? ಹಾಗೆ ಕರೆಯಬಾರದೆಂದು ಯಾರ ಕಟ್ಟಳೆ? ಇಷ್ಟು ವರ್ಷ ಒಂದೇ ಕಂಪನಿಯ ಅಗ್ಗದ ಡಬ್ಬಿಯನ್ನೇ ಕೊಂಡು ಕೊಂಡು, ಲೋಕದ ಎಲ್ಲ ಡಬ್ಬಿಗೂ ಅದೇ ವಾಡಿಕೆ ಎಂದುಕೊಂಡಿದ್ದಳು.

"ಸ್ಕ್ರೂಡ್ರೈವರ್ ಕೊಡಿ ಭಾವ! ಬೇಗ! ನಿಮ್ಮನ್ನ ಅಕ್ಕನ ಜಾಗದಲ್ಲಿ ಕೂರಿಸ್ತೀನಿ!"

ಎರಡು ಎಳೆಗಳನ್ನು ಬಿಚ್ಚಿ ಅದಲುಬದಲು ಮಾಡಿ ಬಿಗಿದಳು. ತಲೆ ಎತ್ತುವ ಮೊದಲೇ ಅಕ್ಕನ ಕೂಗು ಕೇಳಿಸಿತು. "ಬಂತು! ಒಂದು ಬಂತು! ಎರಡು... ಮೂರೂ ಬಂತು ಕಣೇ!"

ಭಾವ ಟೀ ಪಾತ್ರೆಯ ಸಮೇತ ಓಡಿ ಬಂದರು. ಆರೂ ಅಂಕಿ, ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ, ಒಂದರ ಹಿಂದೆ ಒಂದು.

ಆದರೆ ಅಕ್ಕ ಅಷ್ಟಕ್ಕೇ ಒಪ್ಪುವವಳಲ್ಲ. ಊದಿದ ಮಂಡಿ ಅವಳದು. "ಫ್ಯಾನ್ ಹಾಕ್ರಿ" ಎಂದಳು.

ಭಾವ ಸ್ವಿಚ್ಚಿನ ಹತ್ತಿರ ಹೋಗಿ ನಿಂತರು, ಒತ್ತಲಿಲ್ಲ. "ಈಗ್ಲೇ ಬೇಕಾ? ಸ್ವಲ್ಪ ಹೊತ್ತು ಖುಷಿಯಾಗಿರೋಣ."

"ಹಾಕ್ರಿ ಅಂದೆ."

ದೊಡ್ಡ ಫ್ಯಾನು ಕೆಮ್ಮಿ, ಗೊರಗೊರ ಎಂದು, ಶೆಡ್ಡು ಅದುರುವಂತೆ ಎದ್ದಿತು. ಮೂವರೂ ಪರದೆ ನೋಡಿದರು. ಅಂಕಿಗಳು ಕದಲಲಿಲ್ಲ. ಆರಿಸಿ ಮತ್ತೆ ಹಾಕಿಸಿದಳು ಅಕ್ಕ. ಕದಲಲಿಲ್ಲ. ನೀರಿನ ಮೋಟಾರೂ ಹಾಕಿಸಿದಳು. ಆಗಲೂ ಇಲ್ಲ. ಭಾವ ಹೊಸ ಡಬ್ಬಿಯನ್ನು ಬಗ್ಗಿ ನೋಡಿ, "ಮೂರು ದೀಪ. ಪರವಾಗಿಲ್ಲ" ಎಂದರು.

ಅಷ್ಟರಲ್ಲಿ ಟೈರು ವ್ಯಾಪಾರಿ ಅಳತೆಯ ಟೇಪು ಹಿಡಿದೇ ಬಾಗಿಲಿಗೆ ಬಂದ. ಒಳ್ಳೆಯ ಮನುಷ್ಯ, ಚಪ್ಪಲಿ ಬಿಟ್ಟು ಒಳಗೆ ಬಂದು, "ಯಜಮಾನ್ರೇ, ಏನು ತೀರ್ಮಾನ ಮಾಡಿದ್ರಿ?" ಎಂದು ಭಾವನನ್ನು ಕೇಳಿದ.

ಭಾವ ಅಕ್ಕನ ಕಡೆ ನೋಡಿದರು. ಅಕ್ಕ ಪರದೆಯಿಂದ ಕಣ್ಣು ಕೀಳಲಿಲ್ಲ.

"ತೀರ್ಮಾನ ಅಲ್ಲಿ ಕೂತಿದೆ, ಅದನ್ನೇ ಕೇಳಿ" ಎಂದರು ಭಾವ.

"ಜಾಗ ಖಾಲಿ ಇಲ್ಲಪ್ಪ" ಎಂದಳು ಅಕ್ಕ. "ಬೇಜಾರು ಮಾಡ್ಕೋಬೇಡ. ಟೀ ಆಗಿದೆ, ಕುಡಿದು ಹೋಗು. ರೀ, ಅವರಿಗೆ ಲೋಟ ಕೊಡಿ. ಕೊಟ್ಟು ಹಾಗೇ ನಾಲ್ಕನೇ ಪೆಟ್ಟಿಗೆ ಬಾಗಿಲು ಸರಿಯಾಗಿ ಹಾಕಿ ಬನ್ನಿ, ಕಾವು ಇಳೀತಿದೆ."

"ನಾನು ಹಾಕಿದೀನಿ ಕಣೇ."

"ಹಾಕಿಲ್ಲ."

ಭಾವ ಹೋಗಿ ನೋಡಿದರು. ಬಾಗಿಲು ಬೆರಳಗಲ ತೆರೆದಿತ್ತು. ಒತ್ತಿ ಹಾಕಿ ವಾಪಸು ಬರುವಷ್ಟರಲ್ಲಿ ಒಳಗಿನಿಂದ ಮತ್ತೆ ದನಿ ಬಂತು: "ಹಾಂ, ಈಗ ಏರ್ತಿದೆ. ಅಲ್ಲಿವರೆಗೂ ಹೋಗಿದೀರಲ್ಲ, ಆರನೇದಕ್ಕೆ ನೀರು ತುಂಬಿಸಿ ಬಂದುಬಿಡಿ."

ಭಾವ ಶೆಡ್ಡಿನ ನಡುವೆ ನಿಂತು ಆ ತುದಿ ನೋಡಿದರು, ಈ ತುದಿ ನೋಡಿದರು. "ಚಿಕ್ಕಮ್ಮ, ಇನ್ಮೇಲೆ ನಡೆಯೋನು ನಾನು ಅಂತ ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ಕೂಗಿ, ಹೂಜಿ ಎತ್ತಿಕೊಂಡು ಆರನೇ ಪೆಟ್ಟಿಗೆಯ ಕಡೆ ನಡೆದರು.